ಇನ್ನೂರ ಹದಿನಾಲ್ಕು ನೋಟಗಳು

“ನನ್ನನ್ನು ಎಣಿಸುವವರು ನೀವೇನಾ?”

ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು. ಜೋಸ್ಲಿನ್ ಆಗ ಕ್ಯಾಮೆರಾ ಟವರಿನ ಏಣಿಯ ನಾಲ್ಕನೇ ಮೆಟ್ಟಿಲಲ್ಲಿದ್ದಳು. ಕಾದ ಕಬ್ಬಿಣ ಅಂಗೈ ಸುಡದಿರಲೆಂದು ಎರಡೂ ಕೈಗೆ ಗ್ಲೌಸ್, ಹೆಗಲಿಗೆ ಟ್ರೈಪಾಡು. ತಿರುಗಿ ನೋಡಿದರೆ ಕ್ಲಬ್ಬಿಗೆ ಹೊಸದಾಗಿ ಬಂದಿದ್ದ ನಾರ್ವೆಯ ಆಟಗಾರ ಕೆಳಗೆ ತಲೆಯೆತ್ತಿ ನಿಂತಿದ್ದ. ಬಿಸಿಲಿನಲ್ಲಿ ಅವನ ಹುಬ್ಬುಗಳು ಉಪ್ಪು ಕಟ್ಟಿದ ಹಾಗೆ ಬೆಳ್ಳಗೆ ಕಾಣುತ್ತಿದ್ದವು.

“ಎಲ್ಲರನ್ನೂ ಎಣಿಸುತ್ತೇನೆ,” ಅಂದಳು. “ನಿಮ್ಮನ್ನು ಸ್ವಲ್ಪ ಹೆಚ್ಚು. ಮಿಡ್‌ಫೀಲ್ಡರ್ ಅಲ್ಲವೇ?”

“ಏನನ್ನು ಎಣಿಸುತ್ತೀರಿ?”

“ಚೆಂಡು ನಿಮ್ಮ ಕಾಲಿಗೆ ಬರುವ ಮೊದಲಿನ ಹತ್ತು ಸೆಕೆಂಡಿನಲ್ಲಿ ನೀವು ಎಷ್ಟು ಸಲ ಕತ್ತು ತಿರುಗಿಸಿ ಸುತ್ತ ನೋಡುತ್ತೀರಿ, ಅದನ್ನು.”

ಅವನು ಏಣಿಯ ಕಂಬಿ ಮುಟ್ಟಿ, ಬಿಸಿಗೆ ಕೈ ಹಿಂತೆಗೆದ. ಆ ಮೇಲೆ, “ಹಾಗಾದರೆ ನೀವು ಎಣಿಸುವುದು ನನ್ನ ಭಯವನ್ನು,” ಎಂದು ಹೇಳಿ ಡ್ರೆಸಿಂಗ್ ರೂಮಿನ ಕಡೆ ನಡೆದುಬಿಟ್ಟ.

ಜೋಸ್ಲಿನ್ ಮೇಲೆ ಹತ್ತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಳು. ಅವಳಿಗೆ ಇಪ್ಪತ್ತೊಂಬತ್ತು. ಊರು ಉಡುಪಿಯ ಹತ್ತಿರ. ಮಂಗಳೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಮುಗಿಸಿ, ಮಸ್ಕತ್ತಿನ ಅಲ್ ಅಜೈಬಾದಲ್ಲಿದ್ದ ಅಣ್ಣನ ಮನೆಗೆ ಬಂದವಳು, ಅಲ್ ಮಬೇಲಾದ ಈ ಫುಟ್‌ಬಾಲ್ ಕ್ಲಬ್ಬಿನಲ್ಲಿ ಡೇಟಾ ಆಫೀಸರ್ ಆಗಿ ಸೇರಿ ನಾಲ್ಕು ವರ್ಷವಾಗಿತ್ತು. ತವರಿನ ಪಂದ್ಯಗಳನ್ನು ಟವರಿನಿಂದ ಚಿತ್ರೀಕರಿಸುವುದು, ಮರುದಿನ ಆಫೀಸಿನಲ್ಲಿ ಕುಳಿತು ವಿಡಿಯೋ ನಿಧಾನ ಮಾಡಿ ಒಬ್ಬೊಬ್ಬ ಆಟಗಾರನನ್ನೂ ಅಂಕಿಗಳಾಗಿ ಬಿಡಿಸುವುದು ಅವಳ ಕೆಲಸ. ಫುಟ್‌ಬಾಲಿನ ಹುಚ್ಚು ಅವಳಿಗೆ ಇರಲಿಲ್ಲ. ಯಾರೂ ಮಾತಾಡಿಸದ ಒಂದು ಎತ್ತರ ಅವಳಿಗೆ ಇಷ್ಟವಾಗಿತ್ತು, ಅಷ್ಟೆ.

ಅವನ ಹೆಸರು ಯೋಸ್ಟೈನ್. ವಯಸ್ಸು ಮೂವತ್ತನಾಲ್ಕು.

*

ಅವನು ಮಾತಾಡುತ್ತಿದ್ದದ್ದು ಕಡಿಮೆ. ತರಬೇತಿಯ ನಡುವೆ ನೀರು ಕುಡಿಯಲು ಟವರಿನ ನೆರಳಿಗೆ ಬರುತ್ತಿದ್ದ. ಇಡೀ ಮೈದಾನದಲ್ಲಿ ನೆರಳೆಂದು ಇದ್ದದ್ದು ಅಷ್ಟೇ ಆದ್ದರಿಂದ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಇಬ್ಬರಿಗೂ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಭಾಷೆ. ಹಾಗಾಗಿ ಇಬ್ಬರೂ ಪದಗಳನ್ನು ಹುಡುಕಿ, ತೂಗಿ, ಬಿಡಿಬಿಡಿಯಾಗಿ ಇಡುತ್ತಿದ್ದರು.

“ಅಷ್ಟೊಂದು ಯಾಕೆ ನೋಡುತ್ತೀರಿ?” ಒಂದು ದಿನ ಅವಳು ಮೇಲಿನಿಂದಲೇ ಕೇಳಿದಳು.

“ನಮ್ಮ ದ್ವೀಪದ ಮೈದಾನಕ್ಕೆ ಮೂರು ಕಡೆ ಸಮುದ್ರ,” ಅಂದ ಅವನು ನೆರಳಿನಿಂದ. “ಚೆಂಡು ನೀರಿಗೆ ಬಿದ್ದರೆ, ಒದ್ದವನೇ ದೋಣಿ ಹತ್ತಿ ತರಬೇಕು. ಆಟ ಅಲ್ಲಿಗೆ ನಿಲ್ಲುತ್ತಿತ್ತು. ಎಲ್ಲರೂ ಚಳಿಯಲ್ಲಿ ಕಾಯುತ್ತಾ ಬೈಯುತ್ತಿದ್ದರು. ಹಾಗಾಗಿ ಒದೆಯುವ ಮೊದಲು ನೋಡುವುದು ಅಭ್ಯಾಸವಾಯಿತು.”

“ನೀವು ಎಷ್ಟು ಸಲ ದೋಣಿ ಹತ್ತಿದ್ದೀರಿ?”

“ಎರಡು ಸಲ. ಎರಡನೇ ಸಲ ದೋಣಿ ಮಗುಚಿತು. ಅದರ ನಂತರ ಇಲ್ಲ.”

ಹೀಗೆ ತುಣುಕು ತುಣುಕಾಗಿ ಅವನ ವೃತ್ತಿಜೀವನ ಅವಳಿಗೆ ದಕ್ಕಿತು. ಹದಿನೇಳಕ್ಕೆ ದಡದ ಊರಿನ ಕ್ಲಬ್ಬು. ಇಪ್ಪತ್ತೆರಡಕ್ಕೆ ದೇಶದ ಮೇಲಿನ ಲೀಗು. ಒಮ್ಮೆ ರಾಷ್ಟ್ರೀಯ ತಂಡದಿಂದ ಕರೆ ಬಂದಿತ್ತು. ತೊಂಬತ್ತು ನಿಮಿಷ ಜೆರ್ಸಿ ತೊಟ್ಟು ಬೆಂಚಿನಲ್ಲಿ ಕುಳಿತ. ಅಮ್ಮ ಮನೆಯಲ್ಲಿ ಟಿವಿಯ ಮುಂದೆ ಅಷ್ಟೂ ಹೊತ್ತು ಎದ್ದೇ ನಿಂತಿದ್ದಳಂತೆ. ಮೈದಾನಕ್ಕೆ ಇಳಿಸಲಿಲ್ಲ, ಮತ್ತೆ ಕರೆಯಲೂ ಇಲ್ಲ. ಇಪ್ಪತ್ತೇಳಕ್ಕೆ ಡೆನ್ಮಾರ್ಕ್, ಮೂವತ್ತಕ್ಕೆ ಸೈಪ್ರಸ್, ಅಲ್ಲಿ ಎಡ ಮೊಣಕಾಲಿಗೆ ಎರಡು ಆಪರೇಷನ್. ಈಗ ಒಮಾನ್. ಅವನ ಜಾಗ ರಕ್ಷಣೆಯವರ ಮುಂದೆ, ಮೈದಾನದ ನಟ್ಟನಡುವೆ. ಗೋಲು ಹೊಡೆಯುವವನಲ್ಲ. ಅವನು ಚೆನ್ನಾಗಿ ಆಡಿದ ದಿನ ಅವನು ಆಡಿದ್ದು ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ.

“ಬೇಸರವಿಲ್ಲವೇ?” ಅವಳು ಕೇಳಿದಳು.

“ನಿಮ್ಮ ಟವರನ್ನು ಯಾರಾದರೂ ನೋಡುತ್ತಾರಾ?”

“ಇಲ್ಲ.”

“ನಿಮಗೆ ಬೇಸರವಿದೆಯಾ?”

ಅವನು ಬಾಟಲಿಯ ಉಳಿದ ನೀರನ್ನು ತಲೆಗೆ ಸುರಿದುಕೊಂಡು ಓಡಿದ.

ಕ್ಲಬ್ಬಿನ ಜೆರ್ಸಿ, ಬೂಟು, ಚಹಾ ಎಲ್ಲದರ ಉಸ್ತುವಾರಿ ಇಸ್ಮಾಯಿಲಾಕನದು. ಉಪ್ಪಿನಂಗಡಿಯ ಬ್ಯಾರಿ, ಇಪ್ಪತ್ತಾರು ವರ್ಷದಿಂದ ಒಮಾನಿನಲ್ಲಿದ್ದವನು. ಏಣಿ ಹತ್ತಲು ಅವನ ಸೊಂಟ ಕೇಳದು. ಹಾಗಾಗಿ ಹಗ್ಗಕ್ಕೆ ಕಟ್ಟಿದ ಬಕೆಟ್ಟಿನಲ್ಲಿ ಕರಕ್ ಚಹಾ ಇಟ್ಟು, “ಎಳಿ ಮಗಳೇ!” ಎಂದು ಕೂಗುತ್ತಿದ್ದ. ಜೋಸ್ಲಿನ್ ಬಾವಿಯಿಂದ ನೀರು ಸೇದಿದ ಹಾಗೆ ಚಹಾ ಸೇದುತ್ತಿದ್ದಳು.

“ಆ ಜನ ಬಾಯಿ ತೆರೆಯುದು ಊಟಕ್ಕೆ ಮಾತ್ರ ಅಂತ ಗ್ರಹಿಸಿದ್ದೆ ನಾನು,” ಅಂದ ಒಮ್ಮೆ. “ನಿನ್ನ ಹತ್ರ ಎಂಥ ಮಾತಾಡ್ತಾನೆ ಅಷ್ಟು?”

“ದೋಣಿ ಮಗುಚಿದ್ದು ಹೇಳಿದರು ಇಸ್ಮಾಯಿಲಾಕ.”

“ದೋಣಿಯಾ? ಈ ಮರಳಿನಲ್ಲಿಯಾ?” ಇಸ್ಮಾಯಿಲಾಕ ಸುತ್ತಲೂ ನೋಡಿ ಬಕೆಟ್ ಇಳಿಸಿಕೊಂಡ. “ಆಗಲಿ. ಮನುಷ್ಯ ಒಳ್ಳೆಯವನೇ.”

*

ಏಪ್ರಿಲ್ ಮೊದಲ ವಾರ ಕೋಚ್ ಅವಳನ್ನು ಕರೆಸಿದ. ಟ್ಯುನೀಷಿಯಾದವನು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಮೇಜಿನ ತುಂಬ ಹುಡುಕುವವನು.

“ಮ್ಯಾಡಮ್ ಜೋಸ್ಲಿನ್, ಮುಂದಿನ ವರ್ಷಕ್ಕೆ ವಿದೇಶಿ ಮಿಡ್‌ಫೀಲ್ಡರ್ ಒಬ್ಬನೇ ಸಾಕು ಅಂತ ಕಮಿಟಿ ಹೇಳಿದೆ. ನನ್ನ ಬಳಿ ಇಬ್ಬರಿದ್ದಾರೆ. ಆ ಘಾನಾದವನ ಕಾಲು ಚುರುಕು. ಆದರೆ ನಿಮ್ಮ ಅಂಕಿ ನೋಡಿ.” ಬೆರಳಿಟ್ಟು ತೋರಿಸಿದ. “ತವರಿನ ಪಂದ್ಯದಲ್ಲಿ ಘಾನಾದವನು ಸುತ್ತ ನೋಡುವುದು ಸರಾಸರಿ ನೂರ ತೊಂಬತ್ತು ಸಲ. ಯೋಸ್ಟೈನ್ ಇನ್ನೂರ ಮೂರು. ಅವನ ಕಾಲಿಗೆ ವಯಸ್ಸಾಗಿದೆ, ತಲೆಗೆ ಆಗಿಲ್ಲ. ಇದೇ ನನ್ನ ವಾದ. ಮೇ ಮೊದಲ ವಾರ ಪೂರ್ತಿ ವರದಿ ಕೊಡಿ, ಸಾಕು. ಅವನು ಉಳಿಯುತ್ತಾನೆ.”

“ಹೊರಗಿನ ಪಂದ್ಯಗಳಲ್ಲಿ ಅವರದು ನೂರ ಎಂಬತ್ತೇ,” ಅಂದಳು ಜೋಸ್ಲಿನ್.

“ಸಲಾಲಾಕ್ಕೆ ಹತ್ತು ಗಂಟೆ ಬಸ್ಸಿನಲ್ಲಿ ಕೂತು ಹೋದರೆ ನನ್ನ ಕತ್ತೂ ತಿರುಗುವುದಿಲ್ಲ ಮ್ಯಾಡಮ್.”

ಅವಳು ನಕ್ಕು ಬಂದಳು. ಅವನು ಉಳಿಯುತ್ತಾನೆ ಎಂಬ ಮಾತು ಕಾರಿಡಾರಿನ ಉದ್ದಕ್ಕೂ ಜೊತೆಗೆ ಬಂತು. ತನ್ನ ಕುರ್ಚಿಗೆ ಬಂದು ಕುಳಿತ ಮೇಲೆಯೇ ಆ ಇಪ್ಪತ್ತಮೂರು ಅವಳನ್ನು ಚುಚ್ಚತೊಡಗಿದ್ದು. ಒಂದೇ ಮನುಷ್ಯ, ಒಂದೇ ಆಟ. ತವರಿನಲ್ಲಿ ಮಾತ್ರ ಇಪ್ಪತ್ತಮೂರು ನೋಟ ಹೆಚ್ಚು. ಹೊರಗಿನ ಪಂದ್ಯಗಳಿಗೆ ಅವಳು ಹೋಗುತ್ತಿರಲಿಲ್ಲ; ಅಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದವನು ಆಫೀಸಿನ ಫಾರಿಸ್.

ಅವಳು ತವರಿನ ಒಂಬತ್ತು ಪಂದ್ಯಗಳನ್ನೂ ಮತ್ತೆ ತೆರೆದಳು. ವಿಡಿಯೋ ನೋಡಿ ಗುರುತು ಹಾಕುವಾಗ ಅವಳು ಒತ್ತುತ್ತಿದ್ದದ್ದು ಎರಡೇ ಬಟನ್: ಎಡ, ಬಲ. ತಲೆ ಯಾವ ಕಡೆ ತಿರುಗಿತು ಎಂಬುದಷ್ಟೇ. ಏನನ್ನು ನೋಡಿತು ಎಂದು ಯಾರೂ ಬರೆಯುವುದಿಲ್ಲ. ಈಗ ಬರೀ ಆ ಹೆಚ್ಚುವರಿ ನೋಟಗಳನ್ನು ಹುಡುಕಿದಳು. ಮೊದಲರ್ಧದಲ್ಲಿ ಅವು ಎಲ್ಲವೂ ಎಡಕ್ಕೆ. ಎರಡನೆಯ ಅರ್ಧದಲ್ಲಿ ಎಲ್ಲವೂ ಬಲಕ್ಕೆ.

ಅರ್ಧ ಮುಗಿದ ಮೇಲೆ ತಂಡಗಳು ಬದಿ ಬದಲಿಸುತ್ತವೆ. ಟವರು ಬದಲಿಸುವುದಿಲ್ಲ.

ಚಿತ್ರವನ್ನು ದೊಡ್ಡದು ಮಾಡಿದಳು. ಅಕ್ಕಿಕಾಳಿನಷ್ಟಿದ್ದ ಮುಖ ಹಿಗ್ಗುತ್ತ ಬಂತು. ಆಚೀಚೆ ನೋಡುವಾಗ ಆಟಗಾರರ ಕೆನ್ನೆ ಕಾಣುತ್ತದೆ, ಕಿವಿ ಕಾಣುತ್ತದೆ. ಇವುಗಳಲ್ಲಿ ಪೂರ್ತಿ ಮುಖ ಕಾಣುತ್ತಿತ್ತು. ನೇರ ಕ್ಯಾಮೆರಾಕ್ಕೆ. ಒಂಬತ್ತು ಪಂದ್ಯ, ಇನ್ನೂರ ಏಳು ಸಲ.

ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಪಕ್ಕದ ಗ್ಯಾರೇಜಿನಲ್ಲಿ ಯಾರೋ ಕಬ್ಬಿಣ ಉಜ್ಜುತ್ತಿದ್ದರು. ವಿಮಾನವೊಂದು ತಗ್ಗಿನಲ್ಲಿ ಹಾದು ಸೀಬಿನ ವಿಮಾನ ನಿಲ್ದಾಣದ ಕಡೆ ಇಳಿಯಿತು. ಅದರ ನೆರಳು ಮೈದಾನದ ಮೇಲೆ ಸರಿದು ಹೋಗುವವರೆಗೂ ಅವಳು ಅಲ್ಲೇ ಇದ್ದಳು.

ಮರುದಿನ ಸಂಜೆ ಅವನು ನೆರಳಿಗೆ ಬಂದಾಗ ಕೇಳಿಯೇಬಿಟ್ಟಳು. “ಪಂದ್ಯದ ನಡುವೆ ಈ ಕಡೆ ಏನು ನೋಡುತ್ತೀರಿ?”

ಅವನು ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿದ, ಮತ್ತೆ ತಿರುಗಿಸಿದ. ಅವನ ಕಿವಿಯ ತುದಿ ಮೆಲ್ಲಗೆ ಕೆಂಪಾಗುತ್ತಿದ್ದದ್ದು ಮೇಲಿನಿಂದ ಚೆನ್ನಾಗಿ ಕಂಡಿತು.

“ಧ್ವಜ,” ಅಂದ. ಟವರಿನ ತುದಿಯಲ್ಲಿ ಕ್ಲಬ್ಬಿನ ಹಸಿರು ಧ್ವಜವಿತ್ತು. “ಗಾಳಿ ಯಾವ ಕಡೆ ಅಂತ.”

“ಗಾಳಿ ಅಷ್ಟು ಸಲ ಬದಲಾಗುತ್ತದಾ?”

“ಮಸ್ಕತ್ತಿನಲ್ಲಿ ಏನು ಬೇಕಾದರೂ ಆಗಬಹುದು.”

ಅವನು ಹೋದ ಮೇಲೆ ಅವಳು ಧ್ವಜ ನೋಡಿದಳು. ಅದು ಒಣಗಲು ಹಾಕಿದ ಟವೆಲಿನ ಹಾಗೆ ನಿಶ್ಚಲವಾಗಿ ನೇತಾಡುತ್ತಿತ್ತು.

*

ಹತ್ತನೆಯ ತವರು ಪಂದ್ಯಕ್ಕೆ ಜೋಸ್ಲಿನ್ ಟವರು ಹತ್ತಲಿಲ್ಲ. ಆ ಶುಕ್ರವಾರ ಅಣ್ಣ ಜಾರ್ಜನ ಮಗಳು ಪ್ರಿನ್ಸಿಯ ಮೊದಲ ಪರಮಪ್ರಸಾದ. ಘಾಲಾದ ಚರ್ಚಿನಲ್ಲಿ ಪೂಜೆ, ಆ ಮೇಲೆ ಚರ್ಚ್ ಹಾಲ್‌ನಲ್ಲಿ ಊಟ, ಸಂಜೆಯವರೆಗೂ ನೆಂಟರು. ಕ್ಯಾಮೆರಾವನ್ನು ಫಾರಿಸನ ಕೈಗೆ ಕೊಟ್ಟಿದ್ದಳು. ಯೋಸ್ಟೈನನಿಗೆ ಹೇಳಿರಲಿಲ್ಲ. ಹೇಳಲು ಕಾರಣವಿಲ್ಲ ಎಂದುಕೊಂಡಿದ್ದಳು. ಧ್ವಜವಂತೂ ಅಲ್ಲೇ ಇರುತ್ತದಲ್ಲ ಎಂದೂ ಅಂದುಕೊಂಡಿದ್ದಳು.

“ಎಂಥ ಬಾಯೆ, ಫೋನ್ ತೆಗೆದು ತೆಗೆದು ನೋಡ್ತಾ ಇದ್ದಿ?” ಅತ್ತಿಗೆ ಆಲ್ಬಿನಾ ಕೇಕಿನ ತಟ್ಟೆ ಹಿಡಿದು ಪಕ್ಕದಲ್ಲಿ ಕುಳಿತಳು.

“ಸ್ಕೋರು ಅತ್ತಿಗೆ.”

“ಸ್ಕೋರಿಗೆ ಯಾರಾದ್ರೂ ಹೀಗೆ ಕೆಂಪಾಗ್ತಾರಾ?”

“ಬಿಸಿಲು.”

“ಎಸಿ ಹಾಲಿನಲ್ಲಿ ಬಿಸಿಲು! ಆಯ್ತು.” ಆಲ್ಬಿನಾ ಚಮಚದಲ್ಲಿ ಐಸಿಂಗನ್ನು ಬದಿಗೆ ಸರಿಸಿದಳು. ಅವಳು ಖುರುಮಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮು ನೋಡುವವಳು. ಜನ ಹೇಳದೆ ಬಿಟ್ಟದ್ದು ಅವಳ ಕಣ್ಣಿಗೆ ಮೊದಲು ಬೀಳುತ್ತಿತ್ತು. “ಟೆರೆನ್ಸಿನ ಅಮ್ಮ ಮತ್ತೆ ಕೇಳಿದ್ರು. ಒಳ್ಳೆ ಹುಡುಗ, ಬ್ಯಾಂಕಿನ ಕೆಲಸ, ಚರ್ಚ್ ಕಾಯರಿನಲ್ಲಿ ಹಾಡ್ತಾನೆ. ಎಂಥ ಹೇಳುದು?”

“ಬೇಡ ಅಂತ ಹೇಳಿ.”

“ಕಾರಣ?”

ಜೋಸ್ಲಿನ್ ಮತ್ತೆ ಫೋನಿನ ಕಡೆ ನೋಡಿದಳು.

“ನೋಡು, ಕಾರಣದ ಕಾಲಮ್ಮು ಖಾಲಿ ಇದ್ದರೆ ಫಾರ್ಮು ವಾಪಸ್ ಬರ್ತದೆ. ನಮ್ಮಲ್ಲಿ ದಿನಾ ಇದೇ.” ಆಲ್ಬಿನಾ ಅವಳ ಮೊಣಕಾಲಿಗೆ ಮೆಲ್ಲ ತಟ್ಟಿದಳು. “ಈಗ ಅಲ್ಲ. ನಿನಗೆ ಬರೀಲಿಕ್ಕೆ ಗೊತ್ತಾದಾಗ ಬರಿ.”

ಬಿಳಿ ಫ್ರಾಕಿನ ಪ್ರಿನ್ಸಿ ಓಡಿಬಂದು, “ಆಂಟಿ, ಡಿಡ್ ಯುವರ್ ಟೀಮ್ ವಿನ್?” ಎಂದು ಕೇಳಿದಳು.

ಫೋನು ಅದೇ ಹೊತ್ತಿಗೆ ಮಿನುಗಿತು. ಒಂದಕ್ಕೆ ಸೊನ್ನೆ. ಸೋತಿದ್ದರು.

*

ಶನಿವಾರ ಆಫೀಸು ಖಾಲಿಯಿತ್ತು. ಅವಳು ಫಾರಿಸ್ ತೆಗೆದ ವಿಡಿಯೋ ಹಾಕಿದಳು.

ಎರಡನೇ ನಿಮಿಷದಲ್ಲಿ ಮೊದಲ ನೋಟ. ಯೋಸ್ಟೈನ್ ಕತ್ತೆತ್ತಿ ಟವರು ನೋಡಿದ. ಮಾಮೂಲಿಗಿಂತ ಅರೆಗಳಿಗೆ ಹೆಚ್ಚು ನೋಡಿದ. ಐದನೇ ನಿಮಿಷದಲ್ಲಿ ಮತ್ತೆ. ಹನ್ನೊಂದರಲ್ಲಿ, ಹದಿನಾಲ್ಕರಲ್ಲಿ. ಹತ್ತೊಂಬತ್ತರಲ್ಲಿ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ. ಆ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ, ಕಾಣುವುದು ಸಾಧ್ಯವೂ ಇರಲಿಲ್ಲ. ತಾನು ಇಲ್ಲದಾಗ ಮಾತ್ರ ಆಗುವ ಮುಖ ಅದು. ಯಾರದೋ ಮನೆಯ ಬಾಗಿಲು ತಟ್ಟಿ, ಒಳಗೆ ಹೆಜ್ಜೆ ಸಪ್ಪಳ ಕೇಳದೆ ನಿಂತವನ ಮುಖ.

ಧ್ವಜ ಟವರಿನಲ್ಲಿ ಫಾರಿಸನ ತಲೆಯ ಮೇಲೆಯೇ ಇತ್ತು. ಆ ದಿನ ಗಾಳಿಯೂ ಚೆನ್ನಾಗಿತ್ತು.

ಆರನೆಯದು, ಇಪ್ಪತ್ತಾರನೇ ನಿಮಿಷ. ಏಳನೆಯದು, ಮೂವತ್ತೊಂದು. ಏಳನೆಯ ನೋಟದಿಂದ ಅವನು ಕಣ್ಣು ಇಳಿಸುವಷ್ಟರಲ್ಲಿ ಚೆಂಡು ಕಾಲಿಗೆ ಬಂದಾಗಿತ್ತು, ಹಿಂದಿನಿಂದ ಒಬ್ಬ ಬಂದು ಕಸಿದುಕೊಂಡಿದ್ದ. ಮೂರು ಪಾಸು, ಗೋಲು. ಯೋಸ್ಟೈನ್ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತ ನಿಂತ. ಅದರ ನಂತರ ಪಂದ್ಯ ಮುಗಿಯುವವರೆಗೂ ಒಮ್ಮೆಯೂ ಟವರಿನ ಕಡೆ ತಿರುಗಲಿಲ್ಲ.

ಇಸ್ಮಾಯಿಲಾಕ ಚಹಾ ಇಡಲು ಒಳಗೆ ಬಂದವನು ಸ್ಕ್ರೀನು ನೋಡಿ ನಿಂತ.

“ನಿನ್ನೆ ಹಾಫ್‌ಟೈಮಿನಲ್ಲಿ ಅವ ನನ್ನ ಹತ್ರ ಬಂದು ಕೇಳಿದ್ದಾನೆ ಮಗಳೇ,” ಅಂದ. “ಒಂದು ಗೋಲು ತಿಂದು ಕೂತಿದ್ದಾರೆ, ಕೋಚು ಬೊಬ್ಬೆ ಹಾಕ್ತಾ ಇದ್ದಾನೆ, ಇವ ಮೆಲ್ಲ ಬಂದು ಕೇಳುದು, ‘ಟವರಿಗೆ ಚಾ ಹೋಯ್ತಾ?’ ಅಂತ.”

“ನೀವು ಎಂಥ ಹೇಳಿದ್ರಿ?”

“ಫಾರಿಸ್ ಚಾ ಕುಡಿಯುದಿಲ್ಲ, ಅವನಿಗೆ ಲಬಾನ್ ಮಜ್ಜಿಗೆ ಕಳಿಸಿದ್ದೇನೆ ಅಂತ ಹೇಳಿದೆ. ಎಂಥ ಆಯ್ತು, ತಪ್ಪಾಯ್ತಾ?”

“ಇಲ್ಲ ಇಸ್ಮಾಯಿಲಾಕ.”

ಅವನು ಹೋದ. ಜೋಸ್ಲಿನ್ ವಿಡಿಯೋವನ್ನು ಹಿಂದಕ್ಕೆ ಎಳೆದಳು. ಹಿಂದಿನ ಇನ್ನೂರ ಏಳಕ್ಕೆ ಈ ಏಳು. ಇನ್ನೂರ ಹದಿನಾಲ್ಕು.

ಅವಳ ಮುಂದಿದ್ದದ್ದು ಸರಳ ಲೆಕ್ಕ. ಇವನ್ನೆಲ್ಲ ‘ಎಡ’, ‘ಬಲ’ ಎಂದೇ ಬಿಟ್ಟರೆ ಇನ್ನೂರ ಮೂರು ಹಾಗೇ ಉಳಿಯುತ್ತದೆ, ಅವನು ಇನ್ನೊಂದು ವರ್ಷ ಇಲ್ಲಿರುತ್ತಾನೆ. ತಪ್ಪನ್ನು ಕಂಡುಹಿಡಿಯಬಲ್ಲವರು ಒಮಾನಿನಲ್ಲಿ ಬೇರೆ ಯಾರೂ ಇರಲಿಲ್ಲ. ತಿದ್ದಿದರೆ ನೂರ ಎಂಬತ್ತು, ಘಾನಾದವನಿಗಿಂತ ಕಡಿಮೆ; ಯೋಸ್ಟೈನ್ ಹೋಗುತ್ತಾನೆ. ಅವನು ತನ್ನನ್ನು ನೋಡಿದ ಎಂಬುದಕ್ಕೆ ಅವಳ ಬಳಿ ಇದ್ದ ಸಾಕ್ಷಿಯೂ, ಅವನನ್ನು ಕಳಿಸಿಬಿಡುವ ಸಾಕ್ಷಿಯೂ ಒಂದೇ ಆಗಿತ್ತು.

ಎರಡು ದಿನ ಅವಳು ವರದಿಯನ್ನು ಮುಟ್ಟಲಿಲ್ಲ. ಮನೆಯಲ್ಲಿ ಅನ್ನ ಹೆಚ್ಚು ಬೆಂದು ಮುದ್ದೆಯಾಯಿತು. ಆಲ್ಬಿನಾ ಏನೂ ಕೇಳದೆ ಅದಕ್ಕೆ ಸಾರು ಸುರಿದು ಉಂಡಳು. ಜೋಸ್ಲಿನಳ ಕಣ್ಣಮುಂದೆ ಬರುತ್ತಿದ್ದದ್ದು ಟವರು ನೋಡುವ ಮುಖ ಅಲ್ಲ. ಏಳನೆಯ ನೋಟದ ನಂತರ ನೆಲ ನೋಡುತ್ತ ನಿಂತವನು. ಹದಿನೇಳು ವರ್ಷ ಒಂದೇ ಕೆಲಸವನ್ನು ನೆಟ್ಟಗೆ ಮಾಡಿದ ಮನುಷ್ಯ, ಅದು ತಪ್ಪಿದ ಕ್ಷಣದಲ್ಲಿ.

ಮೂರನೆಯ ದಿನ ತಿದ್ದಿದಳು. ‘ಕೈಬಿಟ್ಟ ನೋಟಗಳು’ ಎಂಬ ಕಾಲಮ್ಮಿನಲ್ಲಿ ಇನ್ನೂರ ಹದಿನಾಲ್ಕು ಎಂದು ತುಂಬಿಸಿದಳು. ಪಕ್ಕದಲ್ಲಿ ಕಾರಣ ಬರೆಯಬೇಕಿತ್ತು. ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದಳು.

ಕೋಚ್ ಅದನ್ನು ಓದಿ ಹಣೆಯ ಮೇಲಿನ ಕನ್ನಡಕವನ್ನು ಮೊದಲ ಬಾರಿಗೆ ಒಂದೇ ಸಲಕ್ಕೆ ಹುಡುಕಿಕೊಂಡ.

“ಈ ಅಂಕಿ ಏನು ಮಾಡುತ್ತದೆ ಗೊತ್ತಲ್ಲ ಮ್ಯಾಡಮ್?”

“ಗೊತ್ತು.”

“ನೀವು ತಿದ್ದದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.”

“ಅವರಿಗೆ ತಿಳಿಯುತ್ತಿತ್ತು.”

ಕೋಚ್ ಅವಳನ್ನು ನೋಡಿದ, ಕಿಟಕಿಯಾಚೆ ಟವರನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಏನೋ ಕೇಳಬೇಕೆಂದವನು, “ಖಲಾಸ್,” ಎಂದು ಕಾಗದ ಮಡಚಿದ.

*

ಆಟಗಾರನ ವರದಿಯನ್ನು ಆಟಗಾರನಿಗೆ ತೋರಿಸುವುದು ಆ ಕ್ಲಬ್ಬಿನ ಪದ್ಧತಿ. ಬುಧವಾರ ಯೋಸ್ಟೈನ್ ಆಫೀಸಿನ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಹಾಳೆ.

“ಒಂದು ಪ್ರಶ್ನೆ. ಇದನ್ನು ಬರೆಯಲು ಎಷ್ಟು ಹೊತ್ತು ಹಿಡಿಯಿತು?” ಅವನ ಬೆರಳು ಕೊನೆಯ ಕಾಲಮ್ಮಿನ ಮೇಲಿತ್ತು. ಅಲ್ಲಿ ಅವಳು ಬರೆದದ್ದು: ಆಟಕ್ಕೆ ಸಂಬಂಧಿಸಿದ್ದಲ್ಲ.

“ಎರಡು ದಿನ,” ಅಂದಳು.

“ಇಷ್ಟಕ್ಕೆ?”

“ಮೊದಲು ‘ಧ್ವಜ’ ಅಂತ ಬರೆದಿದ್ದೆ. ಅಳಿಸಿದೆ.”

ಅವನು ನಕ್ಕ. ಅವನ ನಗು ಅವಳು ಕೇಳಿದ್ದು ಅದೇ ಮೊದಲು. ಬಹಳ ದಿನ ಮುಚ್ಚಿದ್ದ ಕಿಟಕಿ ತೆರೆದಂತೆ ಸ್ವಲ್ಪ ಕಿರುಗುಟ್ಟಿತು. ಕುರ್ಚಿ ಎಳೆದು ಕುಳಿತ.

“ನನ್ನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಶಿಸ್ತಿನವನು. ನಂಬಬಹುದಾದವನು. ತೊಂದರೆ ಕೊಡದವನು. ಆಟಕ್ಕೆ ಸಂಬಂಧಿಸದ್ದು ನನ್ನಲ್ಲಿ ಏನಾದರೂ ಇದೆ ಅಂತ ಇಷ್ಟು ವರ್ಷದಲ್ಲಿ ಯಾರೂ ಬರೆದಿರಲಿಲ್ಲ.”

“ಸಿಟ್ಟಿಲ್ಲವೇ?”

“ಇದೆ. ಆ ಏಳನೆಯದರ ಮೇಲೆ.” ಅವನು ಹಾಳೆಯನ್ನು ಮೊಣಕಾಲ ಮೇಲೆ ಸವರಿ ನೇರ ಮಾಡಿದ. “ಚೆಂಡು ನೀರಿಗೆ ಬಿದ್ದರೆ ಒದ್ದವನೇ ತರಬೇಕು. ನಾನೇ ಕೋಚಿಗೆ ಹೇಳಬೇಕಿತ್ತು. ಮೂರು ದಿನ ಅವರ ಬಾಗಿಲವರೆಗೆ ಹೋಗಿ ಬಂದೆ. ನೀವು ನನಗಿಂತ ಮೊದಲು ಒಳಗೆ ಹೋದಿರಿ.”

“ನಾನು ಸುಮ್ಮನಿದ್ದಿದ್ದರೆ ನೀವು ಇನ್ನೊಂದು ವರ್ಷ ಇರುತ್ತಿದ್ದಿರಿ.”

“ಇರುತ್ತಿದ್ದೆ. ನಾನು ನೋಡುತ್ತಿದ್ದೆ, ನೀವು ಅದನ್ನು ಎಡ, ಬಲ ಅಂತ ಬರೆಯುತ್ತಿದ್ದಿರಿ. ಇನ್ನೊಂದು ವರ್ಷ.” ಅವನು ತಲೆಯೆತ್ತಿದ. ಅವನ ಕಣ್ಣು ಬೂದು ಎಂದು ಅವಳು ಎಣಿಸಿದ್ದಳು. ಹತ್ತಿರದಿಂದ ಹಸಿರಿತ್ತು, ಬಲಗಣ್ಣಿನಲ್ಲಿ ಒಂದು ಕಂದು ಚುಕ್ಕೆ. ಎಷ್ಟು ದೊಡ್ಡದು ಮಾಡಿದರೂ ವಿಡಿಯೋದಲ್ಲಿ ಅದು ಕಂಡಿರಲಿಲ್ಲ. “ಮೊದಲ ದಿನ ನೀವು ಏಣಿಯಿಂದ ತಿರುಗಿ ನೋಡಿದಿರಿ. ಗ್ಲೌಸ್ ತೊಟ್ಟು. ಅಂದಿನಿಂದ. ನಿಮಗೆ ತಿಳಿದಿರಲಿ ಅಂತ ಹೇಳಿದೆ.”

ಜೋಸ್ಲಿನ್ ಮೇಜಿನ ಮೇಲಿದ್ದ ಪೆನ್ನನ್ನು ಸರಿಯಾಗಿಟ್ಟಳು. ಅದು ಸರಿಯಾಗಿಯೇ ಇತ್ತು.

“ಕೊನೆಯ ಪಂದ್ಯಕ್ಕೆ ಟವರಿನಲ್ಲಿ ಇರುತ್ತೀರಾ?” ಅವನು ಕೇಳಿದ.

“ಅದು ನನ್ನ ಕೆಲಸ.”

“ಸರಿ. ನಾನೂ ನನ್ನ ಕೆಲಸ ಮಾಡುತ್ತೇನೆ.”

*

ಮೇ ಕೊನೆಯ ವಾರದ ಸೆಖೆ. ಸಂಜೆಯಾದರೂ ಏಣಿ ಸುಡುತ್ತಿತ್ತು. ಸೂರ್ಯ ಬೆಟ್ಟಗಳ ಕಡೆ ವಾಲುವಾಗ ಪಂದ್ಯ ಶುರುವಾಯಿತು. ಜೋಸ್ಲಿನ್ ಕ್ಯಾಮೆರಾದ ಸಣ್ಣ ಸ್ಕ್ರೀನಿಗೆ ಕಣ್ಣಿಟ್ಟಳು.

ಎರಡನೇ ನಿಮಿಷ ಕಳೆಯಿತು. ಐದನೆಯದು ಕಳೆಯಿತು.

ಅವನು ನೋಡುತ್ತಿದ್ದ. ಹಿಂದೆ ನೋಡಿದ, ಎಡಕ್ಕೆ ನೋಡಿದ, ಓಡಿಬರುವವನ ನೆರಳನ್ನು ನೋಡಿದ, ಯಾರೂ ಇಲ್ಲದ ಖಾಲಿ ಜಾಗವನ್ನು ಎಲ್ಲರಿಗಿಂತ ಮೊದಲು ನೋಡಿ ಅಲ್ಲಿಗೆ ಚೆಂಡು ಇಟ್ಟ. ಟವರಿನ ಕಡೆ ಮಾತ್ರ ಇಲ್ಲ. ಕತ್ತು ಈ ಕಡೆ ತಿರುಗಬೇಕಾದ ಕಡೆಯಲ್ಲೂ ಅರ್ಧಕ್ಕೆ ನಿಂತು ಹಿಂದಿರುಗುತ್ತಿತ್ತು. ಅದನ್ನು ಕಾಣಬಲ್ಲವಳು ಅವಳೊಬ್ಬಳೇ.

ಹಾಫ್‌ಟೈಮಿನಲ್ಲಿ ಬಕೆಟ್ಟು ಮೇಲೆ ಬಂತು.

“ಮಗಳೇ,” ಕೆಳಗಿನಿಂದ ಇಸ್ಮಾಯಿಲಾಕ ಕೂಗಿದ, “ಇವತ್ತು ಅವ ಚಾ ಹೋಯ್ತಾ ಅಂತ ಕೇಳ್ಲಿಲ್ಲ! ಜಗಳವಾ?”

“ಜಗಳ ಇಲ್ಲ ಇಸ್ಮಾಯಿಲಾಕ!”

“ಹಾಗಾದ್ರೆ ಬಿಸ್ಕೂಟು ಎರಡು ಯಾಕೆ ಕಳಿಸಿದ್ದಾನೆ?”

ಬಕೆಟ್ಟಿನ ತಳದಲ್ಲಿ, ಟಿಶ್ಯೂ ಕಾಗದದಲ್ಲಿ ಸುತ್ತಿದ ಎರಡು ಬಿಸ್ಕತ್ತು ಇದ್ದವು. ಅವಳು ಒಂದನ್ನು ತಿಂದಳು. ಇನ್ನೊಂದನ್ನು ಟ್ರೈಪಾಡಿನ ಚೀಲದಲ್ಲಿಟ್ಟಳು.

ಎರಡಕ್ಕೆ ಸೊನ್ನೆ, ಗೆದ್ದರು. ಗೋಲು ಹೊಡೆದವರ ಸುತ್ತ ಜನ ಮುತ್ತಿದರು. ಆ ಎರಡೂ ಚೆಂಡು ಮೊದಲು ಯಾರ ಕಾಲಿನಿಂದ ಹೊರಟವು ಎಂದು ಯಾರೂ ಕೇಳಲಿಲ್ಲ. ರೆಫರಿ ಕೊನೆಯ ಸೀಟಿ ಊದಿದ. ಯೋಸ್ಟೈನ್ ಮೈದಾನದ ನಡುವಿನ ವೃತ್ತದಲ್ಲಿ ನಿಂತು ಮೊದಲು ಎರಡೂ ಬೂಟಿನ ಲೇಸು ಬಿಚ್ಚಿದ. ಆ ಮೇಲೆ ತಲೆಯೆತ್ತಿದ.

ರೆಫರಿ ಮೈದಾನ ಬಿಡುವವರೆಗೂ ಕ್ಯಾಮೆರಾ ಓಡುತ್ತಿರಬೇಕೆಂಬುದು ನಿಯಮ. ಅದು ಓಡುತ್ತಿತ್ತು. ಜೋಸ್ಲಿನ್ ಸ್ಕ್ರೀನಿನಿಂದ ಕಣ್ಣು ತೆಗೆದು ಎದ್ದು ನಿಂತಳು. ಇಡೀ ಋತುವಿನಲ್ಲಿ ಅವನ ನೋಟ ಅವಳಿಗೆ ಗಾಜಿನ ಮೂಲಕ, ಒಂದು ದಿನ ತಡವಾಗಿ ಬಂದು ತಲುಪಿತ್ತು. ಈಗ ನಡುವೆ ಸಂಜೆಯ ಗಾಳಿ ಮಾತ್ರ ಇತ್ತು. ಅವಳು ಗ್ಲೌಸ್ ಕಳಚಿದಳು. ಅವನು ಕಣ್ಣು ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ. ಮಸೀದಿಯಲ್ಲಿ ಮುಸ್ಸಂಜೆಯ ಮಗ್ರಿಬ್ ಬಾಂಗ್ ಶುರುವಾಗಿ ಮುಗಿಯಿತು.

ಅವಳು ಇಳಿಯುವಾಗ ಅವನು ಬರಿಗಾಲಿನಲ್ಲಿ ಏಣಿಯ ಬುಡಕ್ಕೆ ಬಂದಿದ್ದ.

“ಎಷ್ಟು?”

“ಪಂದ್ಯದಲ್ಲಿ ಸೊನ್ನೆ,” ಅಂದಳು.

“ತೊಂಬತ್ತು ನಿಮಿಷ. ನನ್ನ ಇಡೀ ಆಟದಲ್ಲಿ ಇಷ್ಟು ಕಷ್ಟದ ಪಂದ್ಯ ಆಡಿಲ್ಲ.” ಟ್ರೈಪಾಡನ್ನು ಅವಳ ಹೆಗಲಿನಿಂದ ತೆಗೆದುಕೊಂಡ. “ಗುರುವಾರ ಹೊರಡುತ್ತೇನೆ. ದ್ವೀಪದಲ್ಲಿ ಹದಿಮೂರು ಮಕ್ಕಳಿದ್ದಾರಂತೆ, ಕಲಿಸುವವರಿಲ್ಲ. ಅದೇ ಮೈದಾನ. ಅದೇ ಸಮುದ್ರ.”

“ಟವರು ಇದೆಯಾ?”

“ಮೀನು ಒಣಗಿಸುವ ಮರದ ಅಟ್ಟ ಇದೆ. ಗಟ್ಟಿಯಾಗಿದೆ. ಏಣಿ ಇಡಬಹುದು.”

“ವಾಸನೆ?”

“ಆಗಸ್ಟಿನಲ್ಲಿ ಇರುವುದಿಲ್ಲ. ಆಗ ಅಟ್ಟ ಖಾಲಿ.”

“ಆಗಸ್ಟಿನಲ್ಲಿ,” ಅಂದಳು ಅವಳು. ಅದು ಪ್ರಶ್ನೆಯಾಗಿರಲಿಲ್ಲ.

ಇಬ್ಬರೂ ಟ್ರೈಪಾಡಿನ ಎರಡು ತುದಿ ಹಿಡಿದು ಆಫೀಸಿನವರೆಗೆ ನಡೆದರು. ಅದನ್ನು ಹೊರಲು ಒಬ್ಬರು ಸಾಕಾಗಿತ್ತು. ಬಾಗಿಲಲ್ಲಿ ಅವನು ತನ್ನ ತುದಿಯನ್ನು ಅವಳ ಕೈಗೆ ಕೊಟ್ಟ. ಕೊಡುವಾಗ ಬೆರಳುಗಳು ಒಂದರ ಮೇಲೊಂದು ಸ್ವಲ್ಪ ಹೊತ್ತು ಹಾಗೆಯೇ ಉಳಿದವು.

*

ಗುರುವಾರ ಅವಳು ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ. ಮಧ್ಯಾಹ್ನ ಒಂದು ವಿಮಾನ ಮೈದಾನದ ಮೇಲೆ ಹಾದಾಗ ಕಿಟಕಿಗೆ ಬಂದು ನೋಡಿದಳು. ಅದೇ ಇರಬಹುದು, ಇಲ್ಲದಿರಲೂಬಹುದು.

ಆ ಸಂಜೆ ಅಲ್ ಅಜೈಬಾದ ಅಡುಗೆಮನೆಯಲ್ಲಿ ಆಲ್ಬಿನಾ ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಜೋಸ್ಲಿನ್ ಎಲ್ಲವನ್ನೂ ಹೇಳಿದಳು. ಆಲ್ಬಿನಾ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, “ಇನ್ನೂರ ಹದಿನಾಲ್ಕಾ? ನಿನ್ನ ಅಣ್ಣ ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅಷ್ಟು ನೋಡ್ಲಿಲ್ಲ ನನ್ನನ್ನು,” ಅಂದಳು. ಆ ಮೇಲೆ ಕೈ ತೊಳೆದು, ಟೆರೆನ್ಸಿನ ಅಮ್ಮನಿಗೆ ಫೋನು ಮಾಡಲು ಹೊರಗಿನ ಹಾಲ್‌ಗೆ ಹೋದಳು.

ಭಾನುವಾರ ಜೋಸ್ಲಿನ್ ರಜೆಯ ಫಾರ್ಮು ತುಂಬಿದಳು. ನಾಲ್ಕು ವರ್ಷವೂ ಅದರಲ್ಲಿ ಒಂದೇ ಥರ ಬರೆದಿದ್ದಳು: ಹೋಗುವ ಸ್ಥಳ ಮಂಗಳೂರು, ಕಾರಣ ಮನೆ. ಈ ಸಲ ಇಪ್ಪತ್ತು ದಿನ, ಆಗಸ್ಟ್. ಸ್ಥಳದ ಕಾಲಮ್ಮಿನಲ್ಲಿ ಫೋನು ನೋಡಿಕೊಂಡು ಒಂದೊಂದೇ ಅಕ್ಷರ ಬರೆದಳು. ಸ್ಕಾರ್ವೊಯಾ, ಅವನ ದ್ವೀಪ. ಕೊನೆಯ ಕಾಲಮ್ಮು ತುಂಬಿಸಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಫಾರಿಸ್ ಫಾರ್ಮು ಓದಿ ತಲೆ ಕೆರೆದುಕೊಂಡ.

“ಮ್ಯಾಡಮ್, ಕಾರಣ ಅಂತ ಇರುವಲ್ಲಿ ‘ಆಟಕ್ಕೆ ಸಂಬಂಧಿಸಿದ್ದಲ್ಲ’ ಅಂತ ಬರೆದಿದ್ದೀರಿ.”

“ಹೌದು.”

“ಇದು ಕಾರಣವಾ?”

“ಯಲ್ಲಾ ಫಾರಿಸ್,” ಅಂದಳು ಜೋಸ್ಲಿನ್, “ಸೀಲು ಹಾಕು.”